ಮರಣಪತ್ರದಲ್ಲಿ ಬರೆಯದ ಹೊಗೆ

‘ಆ ಊರಿನ ಹವಾ ಒಗ್ಗಲಿಲ್ಲ’ ಎನ್ನುವುದು ನಮ್ಮ ಹಿರಿಯರ ಮಾತು. ವರ್ಗವಾಗಿ ಹೋದ ಮೇಷ್ಟರಿಗೆ ಕೆಮ್ಮು ಹತ್ತಿದರೆ, ಗಂಡನ ಮನೆಗೆ ಹೋದ ಮಗಳು ಸೊರಗಿದರೆ ಅವರು ಮೊದಲು ದೂರುತ್ತಿದ್ದುದು ಆ ಊರಿನ ಗಾಳಿಯನ್ನು. ಉರ್ದುವಿನಲ್ಲಿ ‘ಆಬೋ ಹವಾ’ ಎಂಬ ಜೋಡಿಪದವಿದೆ. ನೀರು ಮತ್ತು ಗಾಳಿ ಎಂದು ಅದರ ಅರ್ಥ. ಒಂದು ಊರು ಬದುಕಲು ಯೋಗ್ಯವೇ ಅಲ್ಲವೇ ಎಂದು ತಿಳಿಯಲು ಇವೆರಡನ್ನು ನೋಡಿದರೆ ಸಾಕು ಎಂಬ ಅನುಭವ ಆ ಪದದಲ್ಲಿ ಅಡಗಿದೆ. ನೀರಿನ ವಿಷಯದಲ್ಲಿ ನಾವು ಈ ತಿಳಿವಳಿಕೆಯನ್ನು ಉಳಿಸಿಕೊಂಡಿದ್ದೇವೆ. ವಾಂತಿಭೇದಿ ಹರಡಿದರೆ ಬಾವಿಯನ್ನೋ ಕೊಳಾಯಿಯನ್ನೋ ಪರೀಕ್ಷಿಸುತ್ತೇವೆ. ಗಾಳಿಯ ವಿಷಯದಲ್ಲಿ ಅದನ್ನು ಕಳೆದುಕೊಂಡೆವು. ಕೆಮ್ಮಿ ಕೆಮ್ಮಿ ಸತ್ತವನ ಮನೆಯಲ್ಲಿ ‘ನ್ಯುಮೋನಿಯಾ ಆಗಿತ್ತಂತೆ’ ಎನ್ನುತ್ತೇವೆ. ಮೂವತ್ತು ವರ್ಷ ಅವನು ಎಂತಹ ಗಾಳಿಯಲ್ಲಿ ಉಸಿರಾಡಿದ ಎಂದು ಯಾರೂ ಕೇಳುವುದಿಲ್ಲ.

ಹೊಗೆಯೂ ಸಾಂಕ್ರಾಮಿಕವೂ ಜೊತೆಯಾಗಿ ಬಂದಾಗ ಸಾವಿನ ಹೊಣೆಯನ್ನು ಯಾರ ತಲೆಗೆ ಕಟ್ಟಬೇಕು? ಇದು ವೈದ್ಯರಿಗೆ ಮಾತ್ರ ಸಂಬಂಧಿಸಿದ ಪ್ರಶ್ನೆಯಲ್ಲ. ದಾಖಲೆಯಲ್ಲಿ ಯಾವುದರ ಹೆಸರಿದೆಯೋ ಅದರ ವಿರುದ್ಧ ಕಾನೂನು ಬರುತ್ತದೆ, ಹಣ ಬಿಡುಗಡೆಯಾಗುತ್ತದೆ. ಹೆಸರಿಲ್ಲದ್ದು ತನ್ನ ಪಾಡಿಗೆ ಕೊಲ್ಲುತ್ತಲೇ ಇರುತ್ತದೆ. ಈ ಪ್ರಶ್ನೆಯನ್ನು ಇತಿಹಾಸ ಬಹಳ ಸ್ಪಷ್ಟವಾಗಿ ನಮ್ಮ ಮುಂದಿಟ್ಟದ್ದು ಲಂಡನ್ನಿನಲ್ಲಿ, 1952ರ ಚಳಿಗಾಲದಲ್ಲಿ. ಅಲ್ಲಿಗೆ ಹೋಗುವ ಮೊದಲು ಸ್ವಲ್ಪ ಹಿಂದಕ್ಕೆ ನೋಡಬೇಕು.

ಇಬ್ನ್ ಖಲ್ದೂನ್ ಕಂಡದ್ದು

1348-49ರಲ್ಲಿ ಟ್ಯುನಿಸ್ ನಗರಕ್ಕೆ ಪ್ಲೇಗ್ ಬಂತು. ಯುರೋಪಿನವರು ‘ಕಪ್ಪು ಸಾವು’ ಎಂದು ಕರೆದ ಮಹಾಮಾರಿ ಅದು. ಆಗ ಹದಿಹರೆಯದಲ್ಲಿದ್ದ ಇಬ್ನ್ ಖಲ್ದೂನ್ ತಂದೆತಾಯಿ ಇಬ್ಬರನ್ನೂ, ತನ್ನ ಗುರುಗಳಲ್ಲಿ ಹಲವರನ್ನೂ ಅದರಲ್ಲಿ ಕಳೆದುಕೊಂಡ. ಮುಂದೆ 1377ರಲ್ಲಿ ‘ಮುಕದ್ದಿಮಾ’ ಬರೆಯುವಾಗ, ರಾಜ್ಯಗಳ ಕೊನೆಗಾಲದಲ್ಲಿ ಸಾಂಕ್ರಾಮಿಕಗಳು ಏಕೆ ಹೆಚ್ಚುತ್ತವೆ ಎಂಬ ಪ್ರಶ್ನೆಯನ್ನು ಎತ್ತಿಕೊಂಡ. ಜನವಸತಿ ಮಿತಿಮೀರಿ ದಟ್ಟವಾದಾಗ ಗಾಳಿ ಕೆಡುತ್ತದೆ, ಕೆಟ್ಟ ಗಾಳಿ ಶ್ವಾಸಕೋಶವನ್ನು ಹಿಡಿಯುತ್ತದೆ ಎಂದು ಅವನ ವಿವರಣೆ. ಆದ್ದರಿಂದ ವಸತಿಗಳ ನಡುವೆ ಬಯಲು ಬಿಡಬೇಕು, ಗಾಳಿ ಓಡಾಡಬೇಕು ಎಂದ. ಪೂರ್ವದಲ್ಲಿ ಕೈರೋ, ಪಶ್ಚಿಮದಲ್ಲಿ ಫೆಜ್ ಮುಂತಾದ ಕಿಕ್ಕಿರಿದ ನಗರಗಳಲ್ಲಿ ಸಾವು ಹೆಚ್ಚಲು ಇದೇ ಕಾರಣವೆಂದ.

ಪ್ಲೇಗಿಗೆ ಕಾರಣ ಗಾಳಿಯಲ್ಲ, ಚಿಗಟಗಳ ಮೂಲಕ ಹರಡುವ ಒಂದು ಬ್ಯಾಕ್ಟೀರಿಯಾ ಎಂದು ಇಂದು ನಮಗೆ ಗೊತ್ತು. ರೋಗಾಣುವಿನ ಕಲ್ಪನೆಯೇ ಇಲ್ಲದ ಕಾಲದಲ್ಲಿ ಅವನ ವೈದ್ಯ ಸರಿಯಾಗಿರಲು ಸಾಧ್ಯವಿರಲಿಲ್ಲ. ಆದರೆ ಅವನು ಕೇಳಿದ ಪ್ರಶ್ನೆ ಮಾತ್ರ ಇಂದಿಗೂ ಜೀವಂತವಾಗಿದೆ. ಒಂದೇ ರೋಗ ಒಂದು ಊರಿನಲ್ಲಿ ಹೆಚ್ಚು ಜನರನ್ನೂ ಇನ್ನೊಂದರಲ್ಲಿ ಕಡಿಮೆ ಜನರನ್ನೂ ಏಕೆ ಕೊಲ್ಲುತ್ತದೆ? ರೋಗ ಬರುವ ಮೊದಲೇ ಆ ಊರಿನವರು ಹೇಗೆ ಬದುಕುತ್ತಿದ್ದರು?

ಲಂಡನ್ನಿನಲ್ಲಿ ಈ ಪ್ರಶ್ನೆ ಕಲ್ಲಿದ್ದಲಿಗೆ ಬಂದು ನಿಂತಿತು. 1661ರಲ್ಲಿ ಜಾನ್ ಎವಲಿನ್ ಎಂಬ ಲೇಖಕ ರಾಜ ಎರಡನೇ ಚಾರ್ಲ್ಸನಿಗೆ ‘ಫ್ಯೂಮಿಫ್ಯೂಜಿಯಂ’ ಎಂಬ ಪುಟ್ಟ ಪುಸ್ತಕವನ್ನು ಅರ್ಪಿಸಿದ. ಕಲ್ಲಿದ್ದಲು ಉರಿಸುವ ಕಸುಬುಗಳನ್ನು ನಗರದಿಂದ ಹೊರಗೆ ಕಳಿಸಿ, ಸುತ್ತ ಪರಿಮಳದ ಗಿಡಗಳನ್ನು ನೆಡಿ ಎಂದು ಬೇಡಿಕೊಂಡ. ಮರುವರ್ಷ ಜಾನ್ ಗ್ರಾಂಟ್ ಎಂಬ ವ್ಯಾಪಾರಿ ಲಂಡನ್ನಿನ ಸಾವಿನ ಪಟ್ಟಿಗಳನ್ನು ಕೂಡಿಸಿ ಕಳೆದು ಒಂದು ಗ್ರಂಥ ಪ್ರಕಟಿಸಿದ. ಜನಸಂಖ್ಯಾಶಾಸ್ತ್ರಕ್ಕೆ ತಳಪಾಯ ಹಾಕಿದ ಆ ಪುಸ್ತಕದಲ್ಲೂ ಕಲ್ಲಿದ್ದಲಿನ ಹೊಗೆ ನಗರವಾಸಿಗಳಿಗೆ ಹಾನಿಕರ ಎಂಬ ಮಾತು ಬರುತ್ತದೆ. ಅವರಿಬ್ಬರ ನಂತರ ಮುನ್ನೂರು ವರ್ಷಗಳ ಹತ್ತಿರ ಲಂಡನ್ ಕಲ್ಲಿದ್ದಲನ್ನು ಉರಿಸುತ್ತಲೇ ಹೋಯಿತು. ಉರಿಯುವ ಒಲೆ ಸಂಸಾರದ ಸುಖದ ಗುರುತು, ಹೊಗೆ ಕಾರುವ ಚಿಮಣಿ ದೇಶದ ಸಂಪತ್ತಿನ ಗುರುತು ಎಂಬ ಭಾವನೆ ಬೇರೂರಿತು.

ಐದು ದಿನಗಳ ಕತ್ತಲೆ

1952ರ ಬ್ರಿಟನ್ ಯುದ್ಧ ಗೆದ್ದು ಸಾಲದಲ್ಲಿ ಮುಳುಗಿದ್ದ ದೇಶ. ಒಳ್ಳೆಯ ಕಲ್ಲಿದ್ದಲು ವಿದೇಶಕ್ಕೆ ರಫ್ತಾಗುತ್ತಿತ್ತು. ಮನೆಗಳಿಗೆ ಕಲ್ಲಿದ್ದಲು ಪಡಿತರದಲ್ಲಿ ಸಿಗುತ್ತಿತ್ತು. ಆ ಡಿಸೆಂಬರ್ ತಿಂಗಳ ಆರಂಭದಲ್ಲಿ ಸರ್ಕಾರ ‘ನಟಿ ಸ್ಲ್ಯಾಕ್’ ಎಂಬ ಅಗ್ಗದ ಪುಡಿ ಕಲ್ಲಿದ್ದಲನ್ನು ಪಡಿತರದ ಮಿತಿಯಿಂದ ಬಿಡುಗಡೆ ಮಾಡಿತ್ತು. ಶಾಖ ಕಡಿಮೆ, ಹೊಗೆ ಹೆಚ್ಚು ಕೊಡುವ ಸರಕು ಅದು. ಅದೇ ವರ್ಷದ ಜುಲೈಯಲ್ಲಿ ನಗರದ ಕೊನೆಯ ವಿದ್ಯುತ್ ಟ್ರಾಮ್ ನಿಂತು ಅದರ ಜಾಗಕ್ಕೆ ಡೀಸೆಲ್ ಬಸ್ಸು ಬಂದಿತ್ತು.

ಡಿಸೆಂಬರ್ 5, ಶುಕ್ರವಾರ. ಕೊರೆಯುವ ಚಳಿ. ಗಾಳಿ ಪೂರ್ತಿ ನಿಂತುಹೋಯಿತು. ನೆಲದ ಮೇಲಿನ ತಣ್ಣನೆಯ ಗಾಳಿಯ ಮೇಲೆ ಬೆಚ್ಚನೆಯ ಗಾಳಿಯ ಪದರವೊಂದು ಪಾತ್ರೆಗೆ ಮುಚ್ಚಳ ಹಾಕಿದಂತೆ ಕೂತುಬಿಟ್ಟಿತು. ಲಕ್ಷಾಂತರ ಮನೆಗಳ ಒಲೆಗಳ, ನಗರದೊಳಗಿದ್ದ ವಿದ್ಯುತ್ ಸ್ಥಾವರಗಳ, ಕಾರ್ಖಾನೆಗಳ ಹೊಗೆಗೆ ಮೇಲೆ ಹೋಗಲು ದಾರಿಯಿರಲಿಲ್ಲ. ಅದು ಮಂಜಿನೊಂದಿಗೆ ಬೆರೆತು ಹಳದಿಗಪ್ಪು ಬಣ್ಣದ ಹೊಗೆಮಂಜಾಯಿತು. ಕಲ್ಲಿದ್ದಲಿನಲ್ಲಿದ್ದ ಗಂಧಕ ಮಂಜಿನ ಹನಿಗಳಲ್ಲಿ ಆಮ್ಲವಾಯಿತು. ಚಳಿ ಹೆಚ್ಚಿದಂತೆ ಜನ ಒಲೆಗೆ ಇನ್ನಷ್ಟು ಕಲ್ಲಿದ್ದಲು ಸುರಿದರು.

ಹಗಲಿನಲ್ಲೂ ಚಾಚಿದ ಕೈ ಕಾಣದ ಬೀದಿಗಳಿದ್ದವು. ಬಸ್ಸುಗಳ ಮುಂದೆ ಕಂಡಕ್ಟರು ದೀಪ ಹಿಡಿದು ನಡೆದು ದಾರಿ ತೋರಿಸಬೇಕಾಯಿತು. ಕೊನೆಗೆ ಬಸ್ಸುಗಳೇ ನಿಂತವು. ಸ್ಯಾಡ್ಲರ್ಸ್ ವೆಲ್ಸ್ ರಂಗಮಂದಿರದೊಳಗೆ ಹೊಗೆ ನುಗ್ಗಿ ಒಪೆರಾ ಪ್ರದರ್ಶನವನ್ನು ಅರ್ಧಕ್ಕೆ ನಿಲ್ಲಿಸಿದರು. ಅರ್ಲ್ಸ್ ಕೋರ್ಟಿನಲ್ಲಿ ನಡೆಯುತ್ತಿದ್ದ ಜಾನುವಾರು ಪ್ರದರ್ಶನಕ್ಕೆ ಬಂದಿದ್ದ, ಬಹುಮಾನದ ಆಸೆಯಿಂದ ಕೊಬ್ಬಿಸಿ ಸಾಕಿದ್ದ ದನಗಳು ಏದುಸಿರು ಬಿಟ್ಟು ಬಿದ್ದವು. ಪತ್ರಿಕೆಗಳಲ್ಲಿ ಆ ದನಗಳದು ದೊಡ್ಡ ಸುದ್ದಿಯಾಯಿತು.

ಮನುಷ್ಯರು ಸಾಯುತ್ತಿರುವುದು ಮಾತ್ರ ಯಾರ ಗಮನಕ್ಕೂ ಬರಲಿಲ್ಲ. ಬೀದಿಯಲ್ಲಿ ಹೆಣಗಳು ಬೀಳಲಿಲ್ಲ. ಮುದುಕರು ತಮ್ಮ ಹಾಸಿಗೆಯಲ್ಲಿ, ಹಸುಳೆಗಳು ತಾಯಂದಿರ ಮಡಿಲಲ್ಲಿ, ಎದೆಯ ರೋಗಿಗಳು ಆಸ್ಪತ್ರೆಯ ವಾರ್ಡುಗಳಲ್ಲಿ ಒಬ್ಬೊಬ್ಬರಾಗಿ ಉಸಿರು ನಿಲ್ಲಿಸಿದರು. ಶವಪೆಟ್ಟಿಗೆಗಳಿಗೂ ಹೂವಿಗೂ ಅಭಾವವಾದಾಗ ಏನೋ ನಡೆದಿದೆ ಎಂಬ ಸುಳಿವು ಸಿಕ್ಕಿತು. ಡಿಸೆಂಬರ್ 9ರಂದು ಗಾಳಿ ಬೀಸಿ ಹೊಗೆಮಂಜು ಚದುರಿತು. ಲೆಕ್ಕ ಬಂದದ್ದು ಆಮೇಲೆ. ಡಿಸೆಂಬರ್ 13ಕ್ಕೆ ಕೊನೆಗೊಂಡ ವಾರದಲ್ಲಿ ಬೃಹತ್ ಲಂಡನ್ನಿನಲ್ಲಿ ಸತ್ತವರು 4,703 ಮಂದಿ. ಹಿಂದಿನ ವರ್ಷ ಇದೇ ವಾರದಲ್ಲಿ ಸತ್ತಿದ್ದವರು 1,852.

ವಿಳಾಸವಿಲ್ಲದ ಎಂಟು ಸಾವಿರ

ಸರ್ಕಾರ ಮೊದಮೊದಲು ಇದನ್ನು ಒಪ್ಪಿಕೊಳ್ಳಲು ಹಿಂಜರಿಯಿತು. ಸಂಸತ್ತಿನಲ್ಲಿ ಒತ್ತಡ ಹೆಚ್ಚಿದಾಗ ಹ್ಯೂ ಬೀವರ್ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ನೇಮಕವಾಯಿತು. 1954ರಲ್ಲಿ ಆರೋಗ್ಯ ಇಲಾಖೆಯ ವರದಿ ಹೊರಬಂತು. ಹೊಗೆಮಂಜಿನಿಂದ ಸತ್ತವರು ಸುಮಾರು 4,000 ಎಂದು ಅದು ಹೇಳಿತು. ಈ ಸಂಖ್ಯೆಯೇ ಪಠ್ಯಪುಸ್ತಕಗಳಿಗೆ ಇಳಿಯಿತು.

ಆದರೆ ಸಾವಿನ ಪಟ್ಟಿ ಡಿಸೆಂಬರಿಗೆ ಮುಗಿದಿರಲಿಲ್ಲ. ಹೊಗೆ ಚದುರಿದ ಮೇಲೂ ಜನವರಿ, ಫೆಬ್ರವರಿಗಳಲ್ಲಿ ಮಾಮೂಲಿಗಿಂತ ಹೆಚ್ಚು ಜನ ಸಾಯುತ್ತಲೇ ಇದ್ದರು. ಹೀಗೆ ಹೆಚ್ಚುವರಿಯಾಗಿ ಸತ್ತವರು ಸುಮಾರು 8,000. ಇವರನ್ನು ಏನು ಮಾಡುವುದು? ಆ ಚಳಿಗಾಲದಲ್ಲಿ ಇನ್‌ಫ್ಲುಯೆಂಜಾ ಜ್ವರವೂ ಇತ್ತು. ವರದಿ ಈ ಸಾವುಗಳನ್ನೆಲ್ಲ ಅದರ ಖಾತೆಗೆ ಬರೆಯಿತು. ಜ್ವರ ದೇವರು ಕಳಿಸಿದ್ದು ಎನ್ನಬಹುದು, ಋತುಮಾನದ್ದು ಎನ್ನಬಹುದು. ಅದಕ್ಕಾಗಿ ಯಾವ ಸರ್ಕಾರವೂ ರಾಜೀನಾಮೆ ಕೊಡಬೇಕಾಗಿಲ್ಲ, ಯಾವ ಕಾರ್ಖಾನೆಯೂ ಬೀಗ ಹಾಕಬೇಕಾಗಿಲ್ಲ.

ಅರ್ಧ ಶತಮಾನ ಈ ಲೆಕ್ಕ ಹಾಗೆಯೇ ಉಳಿಯಿತು. 2001ರಲ್ಲಿ ಮಿಷೆಲ್ ಬೆಲ್ ಮತ್ತು ಡೆವ್ರಾ ಡೇವಿಸ್ ಎಂಬ ಅಮೆರಿಕದ ಇಬ್ಬರು ಸಂಶೋಧಕಿಯರು ಹಳೆಯ ದಾಖಲೆಗಳನ್ನು ಮತ್ತೆ ಬಿಚ್ಚಿದರು. ಡೇವಿಸ್ ಬೆಳೆದ ಊರು ಪೆನ್ಸಿಲ್ವೇನಿಯಾದ ಡೊನೋರಾ. 1948ರ ಅಕ್ಟೋಬರಿನಲ್ಲಿ ಸತುವಿನ ಕಾರ್ಖಾನೆಯ ಹೊಗೆ ಕಣಿವೆಯಲ್ಲಿ ನಿಂತು ಇಪ್ಪತ್ತು ಜನರನ್ನು ಕೊಂದ ಊರು ಅದು. ಇನ್‌ಫ್ಲುಯೆಂಜಾದಿಂದ ಎಷ್ಟು ಜನ ಸತ್ತಿರಲು ಸಾಧ್ಯ ಎಂದು ಅವರು ಹಲವು ವಿಧಾನಗಳಿಂದ ಲೆಕ್ಕ ಹಾಕಿದರು. 2004ರಲ್ಲಿ ಇನ್ನಷ್ಟು ವಿವರವಾದ ಅಧ್ಯಯನ ಪ್ರಕಟಿಸಿದರು. ಆ ಸಾವುಗಳಲ್ಲಿ ಒಂದು ಪಾಲು ಮಾತ್ರ ಜ್ವರದ್ದಾಗಿರಲು ಸಾಧ್ಯ ಎಂಬುದು ಅವರ ತೀರ್ಮಾನ. ಬಹುಪಾಲು ಸಾವುಗಳಿಗೆ ಜ್ವರವೇ ಕಾರಣವಾಗಿರಬೇಕಾದರೆ, ಅಂದು ವೈದ್ಯರು ಕಂಡದ್ದಕ್ಕಿಂತ ಅದು ನಾಲ್ಕು ಪಟ್ಟು ಹೆಚ್ಚು ಜನರಿಗೆ ತಗುಲಿ, ತಗುಲಿದವರನ್ನು ಎರಡು ಪಟ್ಟು ಹೆಚ್ಚು ಕೊಲ್ಲಬೇಕಿತ್ತು. ಅಂತಹ ಜ್ವರವನ್ನು ಆ ವರ್ಷ ಯಾರೂ ಕಂಡಿರಲಿಲ್ಲ. ಹೊಗೆಮಂಜಿಗೆ ಬಲಿಯಾದವರು 4,000 ಅಲ್ಲ, 12,000ದಷ್ಟು ಎಂದು ಅವರು ವಾದಿಸಿದರು.

ಇಲ್ಲಿ ಇನ್ನೊಂದು ಮಾತನ್ನೂ ಗಮನಿಸಬೇಕು. ‘ಸತ್ತವರೆಲ್ಲ ಮುದುಕರು, ರೋಗಿಗಳು. ಹೇಗೂ ನಾಳೆ ಸಾಯುವವರು ಇಂದು ಸತ್ತರು’ ಎಂಬ ಸಮಾಧಾನ ಇಂತಹ ಸಂದರ್ಭಗಳಲ್ಲಿ ಯಾವಾಗಲೂ ಕೇಳಿಬರುತ್ತದೆ. ಅದು ನಿಜವಾಗಿದ್ದರೆ ಡಿಸೆಂಬರಿನ ನಂತರ ಸಾವಿನ ಸಂಖ್ಯೆ ಮಾಮೂಲಿಗಿಂತ ಕೆಳಗಿಳಿಯಬೇಕಿತ್ತು, ಸಾಯಬೇಕಾದವರು ಆಗಲೇ ಸತ್ತಾಗಿತ್ತಲ್ಲ! ಸಂಖ್ಯೆ ಇಳಿಯಲಿಲ್ಲ. ಎರಡು ತಿಂಗಳು ಮೇಲೆಯೇ ನಿಂತಿತು. ಎಂದರೆ, ಇನ್ನೂ ಬದುಕಬಹುದಾಗಿದ್ದ ಜನರ ಆಯುಷ್ಯವನ್ನೇ ಆ ಐದು ದಿನಗಳು ಕತ್ತರಿಸಿದ್ದವು.

1956ರಲ್ಲಿ ಬ್ರಿಟನ್ ಶುದ್ಧ ಗಾಳಿ ಕಾಯಿದೆಯನ್ನು ತಂದಿತು. ಮನೆಗಳಲ್ಲಿ ಹೊಗೆರಹಿತ ಇಂಧನ ಉರಿಸಬೇಕಾದ ವಲಯಗಳು ಗುರುತಾದವು. ನಾಲ್ಕು ಸಾವಿರದ ಲೆಕ್ಕವೇ ಅಷ್ಟು ಕೆಲಸ ಮಾಡಿತು, ನಿಜ. ಆದರೆ ಉಳಿದ ಎಂಟು ಸಾವಿರ ಸಾವುಗಳು ಕಲಿಸಬಹುದಾಗಿದ್ದ ಪಾಠ ತಪ್ಪಿಹೋಯಿತು. ಹೊಗೆ ಕಣ್ಣಿಗೆ ಕಾಣುವಷ್ಟು ದಿನ ಮಾತ್ರ ಕೊಲ್ಲುತ್ತದೆ, ಚದುರಿದ ಮೇಲೆ ಬರುವ ಸಾವು ಬೇರೆ ರೋಗದ್ದು ಎಂಬ ತಪ್ಪು ತಿಳಿವಳಿಕೆ ಹಾಗೆಯೇ ಉಳಿಯಿತು.

ಬಾಗಿಲು ತೆರೆದಿಡುವ ಹೊಗೆ

ಹೊಗೆಗೂ ಸೋಂಕಿಗೂ ಇರುವ ನಂಟು ಏನು? ನಮ್ಮ ಉಸಿರಿನ ದಾರಿಯುದ್ದಕ್ಕೂ ಸೂಕ್ಷ್ಮವಾದ ರೋಮಗಳಿವೆ. ಒಳಬಂದ ಧೂಳು, ರೋಗಾಣುಗಳನ್ನು ಲೋಳೆಯಲ್ಲಿ ಸಿಕ್ಕಿಸಿ ಅವು ಮೇಲಕ್ಕೆ ತಳ್ಳುತ್ತವೆ. ಇನ್ನೂ ಒಳಗೆ, ಶ್ವಾಸಕೋಶದ ಗಾಳಿಚೀಲಗಳಲ್ಲಿ, ನುಸುಳಿದ್ದನ್ನು ನುಂಗಿಹಾಕುವ ಕಾವಲು ಜೀವಕೋಶಗಳಿವೆ. ಹೊಗೆ ಈ ರೋಮಗಳನ್ನು ನಿಶ್ಚಲಗೊಳಿಸುತ್ತದೆ, ಕಾವಲುಗಾರರನ್ನು ದುರ್ಬಲಗೊಳಿಸುತ್ತದೆ. ಕೂದಲೆಳೆಯ ಮೂವತ್ತನೇ ಒಂದು ಪಾಲಿನಷ್ಟು ಸಣ್ಣ ಕಣಗಳು, ಪಿಎಂ 2.5 ಎಂದು ಈಗ ಪತ್ರಿಕೆಗಳಲ್ಲಿ ಓದುತ್ತೇವಲ್ಲ ಅವು, ಗಾಳಿಚೀಲದ ಆಳಕ್ಕೆ ಇಳಿಯುತ್ತವೆ. ಅವುಗಳಲ್ಲೂ ತೀರ ಸಣ್ಣವು ರಕ್ತವನ್ನೇ ಸೇರಿ ಹೃದಯವನ್ನೂ ತಟ್ಟುತ್ತವೆ. ಹೀಗೆ ಹೊಗೆ ವರ್ಷಗಟ್ಟಲೆ ಮನೆಯ ಅಗಳಿ ಸಡಿಲಿಸಿ ಹೋಗಿರುತ್ತದೆ. ಒಂದು ರಾತ್ರಿ ಜ್ವರ ಬಂದು ಬಾಗಿಲು ತಳ್ಳುತ್ತದೆ. ಸಿಕ್ಕಿಬೀಳುವುದು ಜ್ವರ.

1918ರ ಇನ್‌ಫ್ಲುಯೆಂಜಾ ಇದಕ್ಕೆ ದೊಡ್ಡ ಸಾಕ್ಷಿ. ಭಾರತದಲ್ಲಿ ಒಂದು ಕೋಟಿಗೂ ಹೆಚ್ಚು ಜನರನ್ನು ಅದು ಬಲಿ ತೆಗೆದುಕೊಂಡಿತು. ಆಗಿನ ಮುಂಬಯಿ ನಗರದ ದಾಖಲೆಯೊಂದಿದೆ. ಸಾವಿರ ಜನರಿಗೆ ಯುರೋಪಿಯನ್ನರು ಸುಮಾರು 8, ಪಾರ್ಸಿಗಳು 9, ಮುಸ್ಲಿಮರು ಮತ್ತು ಮೇಲುಜಾತಿಯ ಹಿಂದೂಗಳು 19ರ ಆಸುಪಾಸು, ಕೆಳಜಾತಿಗಳೆಂದು ಕರೆಸಿಕೊಂಡವರು 61 ಮಂದಿ ಸತ್ತರು. ವೈರಾಣುವಿಗೆ ಜಾತಿ ಗೊತ್ತಿರಲಿಲ್ಲ. ಅದು ಹೊಕ್ಕ ಮನೆಗಳಿಗೆ ಗೊತ್ತಿತ್ತು. ಕಿಟಕಿಯಿಲ್ಲದ ಚಾಳಿನ ಕೋಣೆ, ಅರೆಹೊಟ್ಟೆ, ಬಿಡುವಿಲ್ಲದ ದುಡಿಮೆ, ಕೆಟ್ಟ ಗಾಳಿ ಎಲ್ಲವೂ ಅಲ್ಲಿ ಒಟ್ಟಿಗೇ ಇದ್ದವು. ಇವುಗಳಲ್ಲಿ ಹೊಗೆಯ ಪಾಲೆಷ್ಟು ಎಂದು ಬಿಡಿಸಿ ಹೇಳುವ ಅಂಕಿಅಂಶ ಆ ಪಟ್ಟಿಯಲ್ಲಿಲ್ಲ.

ಅಮೆರಿಕದಲ್ಲಿ ಅದನ್ನು ಬಿಡಿಸಿ ನೋಡುವ ಪ್ರಯತ್ನ ನಡೆಯಿತು. ಕ್ಯಾರೆನ್ ಕ್ಲೇ ಮತ್ತು ಅವರ ಇಬ್ಬರು ಸಂಗಾತಿಗಳು 180ಕ್ಕೂ ಹೆಚ್ಚು ನಗರಗಳ 1918ರ ಸಾವಿನ ದಾಖಲೆಗಳನ್ನು, ಅಲ್ಲಿನ ಕಲ್ಲಿದ್ದಲು ವಿದ್ಯುತ್ ಸ್ಥಾವರಗಳ ಲೆಕ್ಕದೊಂದಿಗೆ ಹೋಲಿಸಿ 2018ರಲ್ಲಿ ಪ್ರಕಟಿಸಿದರು. ಕಲ್ಲಿದ್ದಲು ಹೆಚ್ಚು ಉರಿಸಿದ ನಗರಗಳಲ್ಲಿ ಆ ಜ್ವರ ಹೆಚ್ಚು ಜನರನ್ನು ಕೊಂದಿತ್ತು. ಹೊಗೆಯ ಕಾರಣಕ್ಕೆ ಹೆಚ್ಚುವರಿಯಾಗಿ ಸತ್ತವರು 30 ಸಾವಿರದಿಂದ 42 ಸಾವಿರ ಎಂದು ಅವರ ಅಂದಾಜು. ಜ್ವರದ ಖಾತೆಯಲ್ಲಿ ನೂರು ವರ್ಷ ಅಡಗಿ ಕೂತಿದ್ದ ಸಾವುಗಳು ಅವು.

2003ರಲ್ಲಿ ಚೀನಾದಲ್ಲಿ ಸಾರ್ಸ್ ಹರಡಿದಾಗಲೂ ಇದೇ ಕಂಡುಬಂತು. ಗಾಳಿ ಬಹಳ ಕೆಟ್ಟಿದ್ದ ಪ್ರದೇಶಗಳ ರೋಗಿಗಳು ಸಾಯುವ ಸಂಭವ ಶುದ್ಧ ಗಾಳಿಯ ಪ್ರದೇಶಗಳವರಿಗಿಂತ ಎರಡು ಪಟ್ಟಿನಷ್ಟಿತ್ತು. 2020ರಲ್ಲಿ ಕೋವಿಡ್ ಬಂದಾಗ ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಅಮೆರಿಕದ ಜಿಲ್ಲೆಗಳನ್ನು ಹೋಲಿಸಿದರು. ವರ್ಷಗಳ ಕಾಲ ಜನ ಉಸಿರಾಡಿದ ಗಾಳಿಯಲ್ಲಿ ಸೂಕ್ಷ್ಮ ಕಣಗಳು ಒಂದು ಘನ ಮೀಟರಿಗೆ ಒಂದೇ ಒಂದು ಮೈಕ್ರೋಗ್ರಾಂ ಹೆಚ್ಚಿದ್ದರೂ ಕೋವಿಡ್ ಸಾವಿನ ಪ್ರಮಾಣ ಶೇ. 11ರಷ್ಟು ಹೆಚ್ಚಿತ್ತು. ಇಂತಹ ಅಧ್ಯಯನಗಳು ಊರುಗಳನ್ನು ಹೋಲಿಸುತ್ತವೆ, ಒಬ್ಬೊಬ್ಬ ರೋಗಿಯನ್ನಲ್ಲ. ಇಂತಹವನು ಹೊಗೆಯಿಂದಲೇ ಸತ್ತ ಎಂದು ಅವು ಬೆರಳು ತೋರಿಸಲಾರವು. ಆದರೆ ಬೇರೆ ಬೇರೆ ದೇಶ, ಬೇರೆ ಬೇರೆ ಶತಮಾನ, ಬೇರೆ ಬೇರೆ ರೋಗಾಣು ಒಂದೇ ಕಥೆಯನ್ನು ಹೇಳುತ್ತಿರುವಾಗ ಕೇಳಿಸಿಕೊಳ್ಳದಿರುವುದು ಹೇಗೆ?

ನಮ್ಮ ಲೆಕ್ಕದ ಪುಸ್ತಕ

ಈಗ ನಮ್ಮ ಅಂಗಳವನ್ನು ನೋಡೋಣ. ಕೋವಿಡ್ ದಿನಗಳಲ್ಲಿ ನಮ್ಮ ರಾಜ್ಯದ ಆರೋಗ್ಯ ಇಲಾಖೆ ಪ್ರತಿ ಸಂಜೆ ಪ್ರಕಟಣೆ ಹೊರಡಿಸುತ್ತಿತ್ತು. ಸತ್ತವರ ವಯಸ್ಸು, ಜಿಲ್ಲೆ, ಜ್ವರ, ಕೆಮ್ಮು, ಉಸಿರಾಟದ ತೊಂದರೆ, ಜೊತೆಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡ ಎಂಬ ವಿವರಗಳು ಅದರಲ್ಲಿರುತ್ತಿದ್ದವು. ಸೌದೆ ಒಲೆಯ ಮುಂದೆ ಊದುಕೊಳವೆ ಹಿಡಿದು ಕಳೆದ ನಲವತ್ತು ವರ್ಷಗಳಿಗೆ, ಲಾರಿಗಳ ನಡುವೆ ಆಟೋ ಓಡಿಸಿದ ಇಪ್ಪತ್ತು ವರ್ಷಗಳಿಗೆ ಅಲ್ಲಿ ಜಾಗವಿರಲಿಲ್ಲ.

ಸಾವಿನ ಲೆಕ್ಕದ ಬಗ್ಗೆಯೇ ನಮ್ಮಲ್ಲಿ ಜಗಳವಿದೆ. 2020 ಮತ್ತು 2021ರಲ್ಲಿ ಕೋವಿಡ್‌ನಿಂದ ಸತ್ತವರು ಸುಮಾರು 4.8 ಲಕ್ಷ ಎಂದು ಸರ್ಕಾರದ ದಾಖಲೆ. ಆ ಎರಡು ವರ್ಷಗಳಲ್ಲಿ ಹೆಚ್ಚುವರಿಯಾಗಿ ಸತ್ತವರು 47 ಲಕ್ಷ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಸರ್ಕಾರ ಇದನ್ನು ಒಪ್ಪಲಿಲ್ಲ. ವಾಯುಮಾಲಿನ್ಯದ ಕಥೆಯೂ ಅದೇ. 2021ರಲ್ಲಿ ಜಗತ್ತಿನಲ್ಲಿ 81 ಲಕ್ಷ ಸಾವುಗಳಿಗೆ, ಅವುಗಳಲ್ಲಿ ಭಾರತದ ಸುಮಾರು 21 ಲಕ್ಷ ಸಾವುಗಳಿಗೆ ಕೆಟ್ಟ ಗಾಳಿ ಕಾರಣ ಎಂದು ‘ಸ್ಟೇಟ್ ಆಫ್ ಗ್ಲೋಬಲ್ ಏರ್’ ವರದಿ 2024ರಲ್ಲಿ ಹೇಳಿತು. ಮಾಲಿನ್ಯಕ್ಕೂ ಸಾವಿಗೂ ನೇರ ಸಂಬಂಧ ತೋರಿಸುವ ನಿರ್ಣಾಯಕ ಮಾಹಿತಿ ಇಲ್ಲ ಎಂಬ ಉತ್ತರ ನಮ್ಮ ಸಂಸತ್ತಿನಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಬಂದಿದೆ. 1954ರ ಲಂಡನ್ ವರದಿಯನ್ನು ಓದಿದವರಿಗೆ ಈ ಧಾಟಿ ಹೊಸದಲ್ಲ.

ಮಾಹಿತಿ ಎಲ್ಲಿಂದ ಬರಬೇಕು? 2020ರಲ್ಲಿ ದೇಶದಲ್ಲಿ ನೋಂದಣಿಯಾದ ಸಾವುಗಳಲ್ಲಿ ವೈದ್ಯರು ಕಾರಣವನ್ನು ಬರೆದು ದೃಢೀಕರಿಸಿದ್ದು ನೂರಕ್ಕೆ 22ರಷ್ಟಕ್ಕೆ ಮಾತ್ರ. ಉಳಿದವರು ಏಕೆ ಸತ್ತರು ಎಂಬುದು ಮನೆಯವರ ನೆನಪಿನಲ್ಲಿದೆ, ಕಾಗದದಲ್ಲಿ ಇಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಹತ್ತರಲ್ಲಿ ನಾಲ್ಕು ಮನೆಗಳು ಇನ್ನೂ ಸೌದೆ, ಬೆರಣಿ, ಕಡ್ಡಿಗಳಂತಹ ಇಂಧನದಲ್ಲೇ ಅಡುಗೆ ಮಾಡುತ್ತಿದ್ದವು. 1980ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ ಒಲೆ’ ನಮ್ಮ ಹಳ್ಳಿಗಳಿಗೆ ಬಂದಾಗ ಸೌದೆ ಉಳಿಯುತ್ತದೆ ಎಂಬುದೇ ಅದರ ದೊಡ್ಡ ಪ್ರಚಾರವಾಗಿತ್ತು. ಹೊಗೆಯನ್ನು ಕೊಳವೆಯಿಂದ ಹೊರಗೆ ಕಳಿಸಿ ಅದು ಹೆಂಗಸರ ಎದೆಯನ್ನೂ ಉಳಿಸುತ್ತಿತ್ತು ಎಂಬ ಮಾತು ಹಿಂದೆ ಬಿತ್ತು. ಉಳಿದ ಸೌದೆಯನ್ನು ತೂಗಬಹುದಿತ್ತು. ಉಳಿದ ಉಸಿರನ್ನು ತೂಗುವ ತಕ್ಕಡಿ ನಮ್ಮಲ್ಲಿರಲಿಲ್ಲ.

ಮತ್ತೆ ಲಂಡನ್ನಿಗೇ ಬರೋಣ. ನಗರದ ಆಗ್ನೇಯಕ್ಕೆ ಲೂವಿಶಾಮ್ ಎಂಬ ಪ್ರದೇಶವಿದೆ. ಅಲ್ಲಿ ವಾಹನಗಳು ಸದಾ ಕಿಕ್ಕಿರಿದಿರುವ ಹೆದ್ದಾರಿಯ ಬದಿಯಲ್ಲೇ ಎಲಾ ಅಡೂ ಕಿಸ್ಸಿ ಡೆಬ್ರಾ ಎಂಬ ಹುಡುಗಿಯ ಮನೆ. ಮೂರು ವರ್ಷಗಳಲ್ಲಿ ಅವಳು ಮೂವತ್ತರ ಹತ್ತಿರ ಸಲ ಆಸ್ಪತ್ರೆ ಸೇರಿ, 2013ರ ಫೆಬ್ರವರಿಯಲ್ಲಿ ಒಂಬತ್ತನೇ ವಯಸ್ಸಿಗೆ ತೀರಿಕೊಂಡಳು. ಉಸಿರಾಟ ವಿಫಲವಾಯಿತು, ತೀವ್ರ ಅಸ್ತಮಾ ಇತ್ತು ಎಂದು ಮೊದಲ ವಿಚಾರಣೆ ಕಡತ ಮುಚ್ಚಿತು. ಅವಳ ತಾಯಿ ಬಿಡಲಿಲ್ಲ. ಮಗಳ ರೋಗದ ದಿನಗಳನ್ನೂ ಹತ್ತಿರದ ಮಾಪನ ಕೇಂದ್ರದ ಗಾಳಿಯ ದಾಖಲೆಗಳನ್ನೂ ತಜ್ಞರ ಮುಂದಿಡಿಸಿದಳು. ಹಳೆಯ ತೀರ್ಪು ರದ್ದಾಯಿತು. ಜಗತ್ತೆಲ್ಲ ಕೋವಿಡ್ ಸಾವುಗಳನ್ನು ಎಣಿಸುತ್ತಿದ್ದ 2020ರ ಡಿಸೆಂಬರ್ 16ರಂದು ಮರುವಿಚಾರಣೆಯ ತೀರ್ಪು ಬಂತು. ಮರಣದ ಕಾರಣ ಬರೆಯುವ ಜಾಗದಲ್ಲಿ ಮೊದಲ ಸಾಲು ಉಸಿರಾಟದ ವೈಫಲ್ಯ, ಎರಡನೆಯದು ಅಸ್ತಮಾ, ಮೂರನೆಯದು ವಾಯುಮಾಲಿನ್ಯ. ಬ್ರಿಟನ್ನಿನಲ್ಲಿ ಒಬ್ಬ ವ್ಯಕ್ತಿಯ ಮರಣಪತ್ರದಲ್ಲಿ ಆ ಪದವನ್ನು ಬರೆದದ್ದು ಅದೇ ಮೊದಲು.

1952ರ ಹನ್ನೆರಡು ಸಾವಿರ ಜನರಲ್ಲಿ ಒಬ್ಬರಿಗೂ ಆ ಮೂರನೇ ಸಾಲು ಸಿಗಲಿಲ್ಲ. ಬ್ರಾಂಕೈಟಿಸ್, ನ್ಯುಮೋನಿಯಾ, ಹೃದಯದ ತೊಂದರೆ ಎಂದಷ್ಟೇ ಬರೆಸಿಕೊಂಡು ಅವರು ಮಣ್ಣಾದರು. ಅದನ್ನು ಬರೆಸಲು ಒಂದು ನಗರಕ್ಕೆ ಅರವತ್ತೆಂಟು ವರ್ಷ, ಒಬ್ಬ ತಾಯಿಗೆ ಏಳು ವರ್ಷ ಬೇಕಾಯಿತು. ನಮ್ಮಲ್ಲಿ ಗಾಳಿಯನ್ನು ಅಳೆಯುವ ಯಂತ್ರವಿಲ್ಲದ ಊರುಗಳೇ ಹೆಚ್ಚು. ವೈದ್ಯರ ಸಹಿಯಿಲ್ಲದೆ ಮುಗಿದುಹೋಗುವ ಸಾವುಗಳೇ ಹೆಚ್ಚು. ಇನ್ನೊಂದು ಮಹಾಮಾರಿ ಯಾವಾಗಲೋ ಒಮ್ಮೆ ಬಂದೇ ಬರುತ್ತದೆ. ಅಷ್ಟರೊಳಗೆ ನಮ್ಮ ತಾಲ್ಲೂಕಿನ ಗಾಳಿಯನ್ನು ಅಳೆಯುವವರು ಒಬ್ಬರು, ನಮ್ಮವರ ಸಾವಿನ ಕಾರಣವನ್ನು ಪೂರ್ತಿಯಾಗಿ ಕೇಳಿ ಬರೆಯುವವರು ಒಬ್ಬರು ಬೇಕು ಎಂದು ನಾವು ಕೇಳಬೇಕಾಗಿದೆ. ಇಲ್ಲವಾದರೆ ಆಗಲೂ ಜ್ವರದ ಹೆಸರೊಂದನ್ನು ಬರೆದು ಪುಸ್ತಕ ಮುಚ್ಚುತ್ತಾರೆ.